ಮನೆ ಕೊಳ್ಳುವ ಮುನ್ನ ಕಿಟಕಿ ಎಣಿಸಿ

'ಮನೆ ಮಾರಾಟಕ್ಕಿದೆ. 30×40 ನಿವೇಶನ, ಪೂರ್ವ ಬಾಗಿಲು, ಕಾವೇರಿ ನೀರು, ಮೂರು ಬೆಡ್‌ರೂಮು, ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್.' ಬೆಂಗಳೂರಿನ ಯಾವ ಬಡಾವಣೆಯ ಜಾಹೀರಾತನ್ನು ಓದಿದರೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಇಲ್ಲದಿರುವುದು ಒಂದೇ ಸಂಗತಿ: ಆ ಮನೆಯ ಎಷ್ಟು ಕಿಟಕಿಗಳು ಆಕಾಶಕ್ಕೆ ತೆರೆದುಕೊಳ್ಳುತ್ತವೆ ಎಂಬುದು.

ಮಾರಾಟಕ್ಕಿರುವ ಮನೆಗಳನ್ನು ನೋಡುತ್ತ ಹೋದವರಿಗೆ ವಿಚಿತ್ರಗಳಿಗೇನೂ ಬರವಿಲ್ಲ. ಹಾಲಿನ ನಟ್ಟನಡುವೆ ಒಂದು ಕಂಬ. ಊಟದ ಮೇಜಿಗೆ ಎದುರಾಗಿ ತೆರೆಯುವ ಶೌಚಾಲಯದ ಬಾಗಿಲು. ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿಯೇ ನುಗ್ಗಬೇಕಾದ ಸ್ನಾನದ ಮನೆ. ಒಂದು ಮಲಗುವ ಕೋಣೆಯನ್ನು ದಾಟಿಯೇ ಇನ್ನೊಂದಕ್ಕೆ ಹೋಗಬೇಕಾದ ಏರ್ಪಾಡು. ಕಿಟಕಿ ತೆರೆದರೆ ಕೈಗೆ ಸಿಗುವ ಪಕ್ಕದ ಮನೆಯ ಗೋಡೆ. ಗಾಢ ನೇರಳೆ ಬಣ್ಣ ಬಳಿದ ಮಕ್ಕಳ ಕೋಣೆ. ಇಂಥವನ್ನು ಕಂಡು ಕೆಲವರು ನಗುತ್ತಾರೆ, ಕೆಲವರು ಮೂಗು ಮುರಿಯುತ್ತಾರೆ.

ಆದರೆ ಈ ವಿಚಿತ್ರಗಳೆಲ್ಲ ಒಂದೇ ಜಾತಿಯವಲ್ಲ. ಕಣ್ಣಿಗೆ ಮಾತ್ರ ಸಂಬಂಧಿಸಿದವು ಕೆಲವು. ನೇರಳೆ ಬಣ್ಣ ಬೇಡವಾದರೆ ಒಂದು ಡಬ್ಬ ಸುಣ್ಣ ಬಣ್ಣ, ಎರಡು ದಿನದ ಕೂಲಿ ಸಾಕು. ಇನ್ನು ಕೆಲವು ಗಾಳಿ, ಬೆಳಕು, ಶಾಖ, ನೀರು, ಭಾರ ಇವುಗಳಿಗೆ ಸಂಬಂಧಿಸಿದವು. ಅವನ್ನು ಸರಿಪಡಿಸಲು ಗೋಡೆ ಒಡೆಯಬೇಕು. ಎಷ್ಟೋ ಸಲ ಒಡೆದರೂ ಸರಿಹೋಗುವುದಿಲ್ಲ. ತೊಂದರೆಯೆಂದರೆ, ಹತ್ತು ನಿಮಿಷದಲ್ಲಿ ಮನೆ ನೋಡಿ ಹೊರಡುವವರ ಗಮನಕ್ಕೆ ಬೀಳುವುದು ಮೊದಲನೆಯ ಜಾತಿ. ಇಪ್ಪತ್ತು ವರ್ಷ ಅದರೊಳಗೆ ಬಾಳುವವರನ್ನು ಕಾಡುವುದು ಎರಡನೆಯದು. ಇದನ್ನು ಗುರುತಿಸಲು ಎಂಜಿನಿಯರೇ ಆಗಬೇಕೆಂದಿಲ್ಲ. ಎಂಟರಿಂದ ಹತ್ತನೆಯ ತರಗತಿಯವರೆಗಿನ ವಿಜ್ಞಾನ ಪುಸ್ತಕ ಸಾಕು.

ಕನ್ನಡಿ ಗಾಳಿ ಕೊಡುವುದಿಲ್ಲ

ಚಿಕ್ಕ ಕೋಣೆಯ ಒಂದು ಗೋಡೆಗೆ ಪೂರ್ತಿ ಕನ್ನಡಿ ಹಾಕಿಸುವುದು ಈಗ ಸಾಮಾನ್ಯ. ಸಮತಲ ದರ್ಪಣದಲ್ಲಿ ವಸ್ತು ಎಷ್ಟು ಮುಂದಿದೆಯೋ ಪ್ರತಿಬಿಂಬ ಅಷ್ಟೇ ಹಿಂದೆ ಕಾಣುತ್ತದೆ ಎಂಬುದು ಪಾಠದಲ್ಲಿದೆ. ಹಾಗಾಗಿ ಹತ್ತು ಅಡಿಯ ಕೋಣೆ ಇಪ್ಪತ್ತು ಅಡಿಯದಾಗಿ ತೋರುತ್ತದೆ. ಆದರೆ ಮಿಥ್ಯಾ ಪ್ರತಿಬಿಂಬದೊಳಗೆ ಮಂಚ ಹಾಕಲಾಗದು. ಅಲ್ಲಿಂದ ಉಸಿರಾಡಲು ಒಂದು ಲೀಟರು ಗಾಳಿಯೂ ಬಾರದು. ಮಾರಾಟದ ಚಿತ್ರಗಳನ್ನು ವಿಶಾಲ ಕೋನದ ಮಸೂರದಿಂದ ತೆಗೆಯುವುದರಿಂದ ಹತ್ತಿರದ ನೆಲ ಹಿಗ್ಗಿ, ಎದುರಿನ ಗೋಡೆ ದೂರ ಸರಿದಂತೆ ಕಾಣುವುದೂ ಉಂಟು.

ಇದಕ್ಕೆ ಸುಲಭ ಪರಿಹಾರ ನೆಲದಲ್ಲೇ ಇದೆ. ಹೊಸ ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ ದೊಡ್ಡ ಟೈಲಿನ ಒಂದು ಬದಿ 60 ಸೆಂಟಿಮೀಟರು, ಅಂದರೆ ಸುಮಾರು ಎರಡು ಅಡಿ. ಒಂದು ಟೈಲನ್ನು ಅಳೆದುಕೊಂಡು ಉಳಿದವನ್ನು ಎಣಿಸಿದರೆ ಕೋಣೆಯ ಅಳತೆ ತಾನಾಗಿ ಸಿಗುತ್ತದೆ. ಅಪ್ಪ ಅಮ್ಮ ಬೆಲೆ ಮಾತಾಡುವಷ್ಟರಲ್ಲಿ ಏಳನೆಯ ತರಗತಿಯ ಹುಡುಗಿ ಈ ಕೆಲಸ ಮುಗಿಸಬಹುದು. ಬೆಲೆ ಹೇಳುವಾಗ ಯಾವ ವಿಸ್ತೀರ್ಣ ಲೆಕ್ಕ ಹಿಡಿದಿದ್ದಾರೆ ಎಂದು ಕೇಳುವುದೂ ಅಗತ್ಯ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ 'ಕಾರ್ಪೆಟ್ ಏರಿಯಾ' ಎಂಬುದಕ್ಕೆ ಸ್ಪಷ್ಟ ಅರ್ಥ ಕೊಟ್ಟಿದೆ: ಮನೆಯೊಳಗೆ ನಿಜವಾಗಿ ಬಳಸಬಹುದಾದ ನೆಲ. ಒಳಗಿನ ಅಡ್ಡಗೋಡೆಗಳು ಇದರಲ್ಲಿ ಸೇರುತ್ತವೆ. ಹೊರಗೋಡೆ, ಪೈಪುಗಳ ಕೊಳವೆದಾರಿ, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ.

ಕಿಟಕಿಯ ಆಚೆ ಏನಿದೆ?

30×40 ನಿವೇಶನ ಎಂದರೆ 1,200 ಚದರ ಅಡಿ. ಸುತ್ತ ಬಿಡಬೇಕಾದ ಜಾಗವನ್ನು ಬಿಡದೆ ಗಡಿಯವರೆಗೂ ಕಟ್ಟಿ, ಪಕ್ಕದವರೂ ಹಾಗೆಯೇ ಮಾಡಿದರೆ ಎರಡು ಬದಿಯ ಗೋಡೆಗಳಿಗೆ ಕಿಟಕಿ ಇಡುವುದಕ್ಕೇ ಆಗುವುದಿಲ್ಲ. ಮುಂದೆ ಒಂದು, ಹಿಂದೆ ಒಂದು ಕಿಟಕಿ ಉಳಿಯುತ್ತವೆ. ನಡುವಿನ ಕೋಣೆ ಹಗಲೂ ಕತ್ತಲು. ವಿಚಿತ್ರವೆಂದರೆ ಆ ಕೋಣೆಯಲ್ಲೂ ಒಂದು ಕಿಟಕಿ ಇರುತ್ತದೆ. ಪರದೆ ಸರಿಸಿದರೆ ಆಚೆ ಕಾಣುವುದು ಆಕಾಶವಲ್ಲ, ಇನ್ನೊಂದು ಕೋಣೆ.

ಫ್ಲ್ಯಾಟುಗಳಲ್ಲಿ ಇದೇ ತಪ್ಪು ಬೇರೆ ರೂಪದಲ್ಲಿ ಬರುತ್ತದೆ. ಬಾಲ್ಕನಿಗೆ ಗಾಜು ಹಾಕಿಸಿ 'ಮಕ್ಕಳ ಓದುವ ಕೋಣೆ' ಮಾಡುತ್ತಾರೆ. ಮೂರು ಬೆಡ್‌ರೂಮು ಎಂದು ಎಣಿಸಲು ಅನುಕೂಲ. ಆದರೆ ಅದರ ಹಿಂದಿದ್ದ ಮಲಗುವ ಕೋಣೆಯ ಕಿಟಕಿ ಈಗ ಹೊರಗಿನ ಗಾಳಿಯನ್ನು ಕಳೆದುಕೊಂಡಿತು. ಒಂದು ಕೋಣೆ ಸಿಕ್ಕಿತೆಂದು ತಿಳಿದವರು ನಿಜವಾಗಿ ಒಂದು ಕಿಟಕಿಯನ್ನು ಮಾರಿಕೊಂಡಿರುತ್ತಾರೆ.

ಒಂದು ಕೋಣೆಗೆ ಎಷ್ಟು ಕಿಟಕಿ ಬೇಕು? 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಇದಕ್ಕೆ ಲೆಕ್ಕ ಕೊಡುತ್ತದೆ. ಬಾಗಿಲನ್ನು ಬಿಟ್ಟು, ಕಿಟಕಿಗಳ ತೆರವು ಒಣ ಸೆಖೆಯ ಪ್ರದೇಶದಲ್ಲಿ ನೆಲದ ಹತ್ತನೇ ಒಂದು ಭಾಗ, ಮಧ್ಯಮ ಹವೆಯಲ್ಲಿ ಎಂಟನೇ ಒಂದು ಭಾಗ, ತೇವ ಸೆಖೆಯ ಪ್ರದೇಶದಲ್ಲಿ ಆರನೇ ಒಂದು ಭಾಗ ಇರಬೇಕು. 10×12 ಅಡಿಯ ಕೋಣೆಯ ನೆಲ 120 ಚದರ ಅಡಿ. ಎಂಟನೇ ಒಂದು ಭಾಗವೆಂದರೆ 15 ಚದರ ಅಡಿ, ಅಂದರೆ ಐದು ಅಡಿ ಅಗಲ ಮೂರು ಅಡಿ ಎತ್ತರದ ಕಿಟಕಿ. ಮಂಗಳೂರಿನಂಥ ಕರಾವಳಿಯಲ್ಲಾದರೆ ಅದೇ ಕೋಣೆಗೆ 20 ಚದರ ಅಡಿ ಬೇಕು. ಬೆವರು ಆರಬೇಕಾದರೆ ಗಾಳಿ ಚಲಿಸಲೇಬೇಕಲ್ಲ!

ಇಲ್ಲೊಂದು ಸೂಕ್ಷ್ಮವಿದೆ. ಎರಡು ಗಾಜಿನ ಸರಿಯುವ ಕಿಟಕಿಯಲ್ಲಿ ಒಂದನ್ನು ಇನ್ನೊಂದರ ಹಿಂದಕ್ಕೆ ತಳ್ಳಬೇಕು. ಹಾಗಾಗಿ ಅದು ಎಂದೂ ಅರ್ಧಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಬೆಳಕಿಗೆ ಪೂರ್ತಿ ಕಿಟಕಿ, ಗಾಳಿಗೆ ಅರ್ಧ ಕಿಟಕಿ. ಮೇಲಾಗಿ, ಗಾಳಿ ಒಳಗೆ ಬರಬೇಕಾದರೆ ಒಳಗಿನ ಗಾಳಿ ಹೊರಗೆ ಹೋಗಲು ದಾರಿ ಇರಬೇಕು. ಮುಚ್ಚಳ ಮುಚ್ಚಿದ ಸೀಸೆಗೆ ನೀರು ತುಂಬದು. ಒಂದೇ ಕಿಟಕಿಯ ಕೋಣೆಗೆ ಗಾಳಿಯೂ ಸರಿಯಾಗಿ ಬಾರದು. ನಮ್ಮ ಹಳೆಯ ತೊಟ್ಟಿ ಮನೆಗಳಲ್ಲಿ ನಡುವಿನ ತೆರೆದ ಅಂಗಳ ಈ ಕೆಲಸ ಮಾಡುತ್ತಿತ್ತು. ಬಿಸಿಯಾದ ಗಾಳಿ ಹಗುರವಾಗಿ ಮೇಲೇರಿ ತೊಟ್ಟಿಯಿಂದ ಹೊರಬಿದ್ದರೆ, ಆ ಜಾಗಕ್ಕೆ ಪಡಸಾಲೆಯ ಕಡೆಯಿಂದ ತಂಪು ಗಾಳಿ ಹರಿಯುತ್ತಿತ್ತು. ಬಾಗಿಲ ದಿಕ್ಕನ್ನು ಗಂಟೆಗಟ್ಟಲೆ ಚರ್ಚಿಸುವವರು ಗಾಳಿಯ ಈ ದಾರಿಯನ್ನೂ ಐದು ನಿಮಿಷ ಚರ್ಚಿಸಿದರೆ ಒಳ್ಳೆಯದು.

ಫಾಲ್ಸ್ ಸೀಲಿಂಗಿನದೂ ಗಾಳಿಯ ಕಥೆಯೇ. ಹತ್ತು ಅಡಿಯ ಮಾಳಿಗೆಯನ್ನು ಒಂದು ಅಡಿ ಕೆಳಗಿಳಿಸಿದರೆ ಫ್ಯಾನಿನ ರೆಕ್ಕೆಗಳಿಗೂ ಮಾಳಿಗೆಗೂ ನಡುವಿನ ಅಂತರ ಕಡಿಮೆಯಾಗುತ್ತದೆ. ಫ್ಯಾನು ಗಾಳಿಯನ್ನು ಸೃಷ್ಟಿಸುವುದಿಲ್ಲ. ಮೇಲಿನ ಗಾಳಿಯನ್ನು ಎಳೆದು ಕೆಳಕ್ಕೆ ತಳ್ಳುತ್ತದೆ. ರೆಕ್ಕೆಗಳು ಮಾಳಿಗೆಗೆ ಅಂಟಿಕೊಂಡಂತಿದ್ದರೆ ಎಳೆಯಲು ಗಾಳಿಯೇ ಸಿಗದು. ಸದ್ದು ಅಷ್ಟೇ, ವಿದ್ಯುತ್ ಬಿಲ್ಲೂ ಹೆಚ್ಚುಕಡಿಮೆ ಅಷ್ಟೇ, ಗಾಳಿ ಮಾತ್ರ ಕಡಿಮೆ.

ಸ್ನಾನದ ಮನೆಯ ಲೆಕ್ಕ

ಇದುವರೆಗೆ ಹೇಳಿದ್ದು ಸೆಖೆ, ಕತ್ತಲೆಯ ಮಾತು. ಇನ್ನು ಮುಂದಿನದು ಜೀವದ ಮಾತು.

ಸ್ನಾನದ ಮನೆಗೆ ಹೊರಗಿನ ಗಾಳಿಗೆ ತೆರೆಯುವ ಕನಿಷ್ಠ 0.37 ಚದರ ಮೀಟರಿನ ಕಿಂಡಿ ಇರಬೇಕೆಂದು ಸಂಹಿತೆ ಹೇಳುತ್ತದೆ. ಸರಿಸುಮಾರು ಎರಡು ಅಡಿಗೆ ಎರಡು ಅಡಿ. ಆದರೆ ಮೆಟ್ಟಿಲ ಕೆಳಗೆ, ಕೋಣೆಯ ಮೂಲೆಯಲ್ಲಿ ಆಮೇಲೆ ಸೇರಿಸಿದ ಸ್ನಾನದ ಮನೆಗಳಲ್ಲಿ ಈ ಕಿಂಡಿ ಇರುವುದಿಲ್ಲ. ಇದ್ದರೂ ಚಳಿ, ಸೊಳ್ಳೆ ಅಥವಾ ಅಲಂಕಾರದ ನೆಪದಲ್ಲಿ ಗಾಜು ಹಾಕಿ ಮುಚ್ಚಿರುತ್ತಾರೆ. ಅದೇ ಗೋಡೆಯ ಮೇಲೆ ಗ್ಯಾಸ್ ಗೀಸರ್ ನೇತಾಡುತ್ತಿರುತ್ತದೆ.

ಈಗ ಲೆಕ್ಕ ಮಾಡೋಣ. ಎರಡು ಬಕೆಟ್, ಅಂದರೆ 40 ಲೀಟರು ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು 1,000 ಕಿಲೊಕ್ಯಾಲರಿ ಶಾಖ ಬೇಕು. ಒಂದು ಕಿಲೊ ಅಡುಗೆ ಅನಿಲ ಉರಿದಾಗ ಬಿಡುಗಡೆಯಾಗುವ ಶಾಖ ಸುಮಾರು 11,000 ಕಿಲೊಕ್ಯಾಲರಿ. ವ್ಯರ್ಥವಾಗುವುದನ್ನೂ ಸೇರಿಸಿದರೆ ಸುಮಾರು 110 ಗ್ರಾಂ ಅನಿಲ ಬೇಕಾದೀತು. ಅದರ ಗಾತ್ರ 50 ಲೀಟರು. ಅಡುಗೆ ಅನಿಲದಲ್ಲಿರುವ ಪ್ರೊಪೇನ್ ಪೂರ್ಣ ಉರಿಯಲು ತನ್ನ ಗಾತ್ರದ 24 ಪಟ್ಟು, ಬ್ಯೂಟೇನ್ 31 ಪಟ್ಟು ಗಾಳಿ ಬೇಡುತ್ತದೆ. ಒಟ್ಟಿನಲ್ಲಿ ಒಬ್ಬರ ಸ್ನಾನಕ್ಕೆ ಒಲೆ ನುಂಗುವ ಗಾಳಿ ಸುಮಾರು ಸಾವಿರದ ನಾನೂರು ಲೀಟರು.

5×7 ಅಡಿಯ, ಎಂಟು ಅಡಿ ಎತ್ತರದ ಸ್ನಾನದ ಮನೆಯಲ್ಲಿರುವ ಗಾಳಿ ಎಷ್ಟು? 280 ಘನ ಅಡಿ, ಅಂದರೆ ಸುಮಾರು 8,000 ಲೀಟರು. ಬಾಗಿಲು, ಕಿಂಡಿ ಮುಚ್ಚಿದ್ದರೆ ಒಬ್ಬರ ಸ್ನಾನಕ್ಕೇ ಅದರ ಆರನೇ ಒಂದು ಭಾಗದಷ್ಟು ಗಾಳಿಯ ಆಮ್ಲಜನಕ ಖರ್ಚು. ಬೆಳಿಗ್ಗೆ ಶಾಲೆಯ ಅವಸರದಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಸ್ನಾನ ಮಾಡುವ ಮನೆಯಲ್ಲಿ ಕೊನೆಗೆ ಹೋದವರ ಪಾಡೇನು? ಆಮ್ಲಜನಕ ಕಡಿಮೆಯಾದಂತೆ ಜ್ವಾಲೆ ಆರಿಹೋಗುವುದಕ್ಕೆ ಬಹಳ ಮೊದಲೇ ಅನಿಲ ಅರೆಬರೆಯಾಗಿ ಉರಿಯತೊಡಗುತ್ತದೆ. ಇಂಗಾಲದ ಡೈಆಕ್ಸೈಡಿನ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆ ಸುತ್ತು, ತಲೆನೋವು, ಆಮೇಲೆ ಕಾಲಲ್ಲಿ ಬಲವಿಲ್ಲ. ಅಪಾಯವೆಂದು ತಿಳಿಯುವ ಹೊತ್ತಿಗೆ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಸ್ನಾನಕ್ಕೆ ಹೋದ ಮಕ್ಕಳು, ಯುವಕರು ಹೀಗೆ ಪ್ರಾಣ ಕಳೆದುಕೊಂಡ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ.

ಆದ್ದರಿಂದ ಗ್ಯಾಸ್ ಗೀಸರ್ ಇರಬೇಕಾದ ಜಾಗ ಸ್ನಾನದ ಮನೆಯ ಹೊರಗೆ, ತೆರೆದ ಗಾಳಿಯಲ್ಲಿ. ಒಳಗೆ ಬರಬೇಕಾದದ್ದು ಬಿಸಿನೀರಿನ ಕೊಳವೆ ಮಾತ್ರ. ಅಡುಗೆ ಮನೆಯ ಹಿಂದಿನ ಯುಟಿಲಿಟಿಯಲ್ಲಿ ಗೀಸರ್ ಇದ್ದರೆ ಆ ಜಾಗಕ್ಕೂ ಗಾಜು ಹಾಕಿ ಮುಚ್ಚಿದ್ದಾರೆಯೇ ಎಂದು ನೋಡಬೇಕು. ಸಿಲಿಂಡರೂ ಅಲ್ಲೇ ಇದ್ದರೆ ನೆಲದ ಮಟ್ಟದಲ್ಲೂ ಒಂದು ತೆರವು ಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲಿನ ಕಿಟಕಿಯ ಕಡೆ ಏರದೆ ನೆಲದಲ್ಲೇ ಶೇಖರವಾಗುತ್ತದೆ.

ಬೆಳಕು ಬೇರೆ, ಬಿಸಿಲು ಬೇರೆ

ಗಾಳಿ, ಬೆಳಕು ಬೇಕೆಂದು ಹಾಲಿನ ಪಶ್ಚಿಮ ಗೋಡೆಯನ್ನೆಲ್ಲ ಗಾಜು ಮಾಡಿದ ಮನೆಗಳೂ ಇವೆ. ಬೆಳಿಗ್ಗೆ ಹನ್ನೊಂದಕ್ಕೆ ನೋಡಲು ಹೋದವರಿಗೆ ಅದು ಸ್ವರ್ಗ. ಸಂಜೆ ನಾಲ್ಕಕ್ಕೆ ಹೋದವರಿಗೆ ಅದೇ ಬೇರೆ ಮನೆ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರಿನಲ್ಲೂ ಮಧ್ಯಾಹ್ನ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಆದ್ದರಿಂದ ದಕ್ಷಿಣದ ಕಿಟಕಿಯ ಮೇಲೊಂದು ಸಜ್ಜಾ ಇದ್ದರೆ ಮಧ್ಯಾಹ್ನದ ಬಿಸಿಲನ್ನು ಬಹುಮಟ್ಟಿಗೆ ತಡೆಯಬಹುದು. ಪಶ್ಚಿಮದಲ್ಲಿ ಹಾಗಲ್ಲ. ಸಂಜೆಯ ಸೂರ್ಯ ಕೆಳಗಿಳಿದು ಅಡ್ಡಡ್ಡವಾಗಿ ನೋಡುತ್ತಾನೆ. ಸಜ್ಜಾದ ಕೆಳಗಿನಿಂದಲೇ ಬಿಸಿಲು ಒಳಗೆ ನುಗ್ಗುತ್ತದೆ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಅದರಿಂದ ಕಾದ ನೆಲ, ಸೋಫಾಗಳು ಹೊರಸೂಸುವ ದೀರ್ಘ ತರಂಗದ ಶಾಖವನ್ನು ಮಾತ್ರ ಹೊರಗೆ ಬಿಡುವುದಿಲ್ಲ. ಬೇಸಿಗೆಯ ಸಂಜೆ ದೊಡ್ಡದೊಂದು ಗಾಜಿನ ಗೋಡೆಯೆಂದರೆ ಹಾಲಿನಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಆರಿಸದೆ ಇಟ್ಟಂತೆ. ಪರದೆಯನ್ನು ಗಾಜಿನ ಒಳಬದಿ ಹಾಕಿದರೆ ಶಾಖ ಆಗಲೇ ಒಳಗೆ ಬಂದಾಗಿರುತ್ತದೆ. ಹೊರಬದಿಯ ಬಿದಿರಿನ ತಟ್ಟಿ, ಒಂದು ಮರ ಇದಕ್ಕಿಂತ ಮೇಲು.

ವಾಟ, ಮೆಟ್ಟಿಲು, ಕಂಬಿ

ಗಾರೆ ಕೆಲಸದವರು ನೆಲದ ಇಳಿಜಾರಿಗೆ 'ವಾಟ' ಎನ್ನುತ್ತಾರೆ. ಸ್ನಾನದ ಮನೆಯ ವಾಟ ತಪ್ಪಿದರೆ ನೀರು ಕಿಂಡಿಯತ್ತ ಹೋಗದೆ ಮೂಲೆಯಲ್ಲಿ ನಿಲ್ಲುತ್ತದೆ. ನಿಂತ ನೀರು ಇಂಗಿ ಪಕ್ಕದ ಕೋಣೆಯ ಗೋಡೆಯನ್ನು ಹಿಡಿಯುತ್ತದೆ. ಕಪಾಟಿನ ಹಿಂದೆ, ಹೊಸದಾಗಿ ಅಂಟಿಸಿದ ಬಣ್ಣದ ಕಾಗದದ ಹಿಂದೆ ಅಡಗಿರುವುದು ಎಷ್ಟೋ ಸಲ ಇದೇ ತೇವ. ಬೇರೆಲ್ಲ ಗೋಡೆ ಹಳತಾಗಿ ಒಂದೇ ಗೋಡೆ ಹೊಸತಾಗಿದ್ದರೆ ಕಾರಣ ಕೇಳಲೇಬೇಕು.

ಮೆಟ್ಟಿಲಿನ ಎತ್ತರ 19 ಸೆಂಟಿಮೀಟರಿಗೆ ಮೀರಬಾರದು, ಕಾಲಿಡುವ ಅಗಲ 25 ಸೆಂಟಿಮೀಟರಿಗೆ ಕಡಿಮೆ ಇರಬಾರದು ಎಂಬುದು ವಾಸದ ಮನೆಗಳಿಗೆ ಸಂಹಿತೆಯ ಲೆಕ್ಕ. ಅದಕ್ಕಿಂತ ಮುಖ್ಯ, ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರುವುದು. ಎರಡು ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲಿಗೆ ಅಳತೆ ಸಿಕ್ಕಿಬಿಡುತ್ತದೆ. ಆಮೇಲೆ ಕಣ್ಣು ನೋಡುವುದಿಲ್ಲ. ಒಂದೇ ಒಂದು ಮೆಟ್ಟಿಲು ಎರಡು ಬೆರಳು ಹೆಚ್ಚಾದರೂ ಅಜ್ಜಿ ಎಡವುವುದು ಅಲ್ಲೇ. ಬಾಲ್ಕನಿಯ ಕಂಬಿಗಳನ್ನು ಅಂದಕ್ಕಾಗಿ ಅಡ್ಡಡ್ಡ ಹಾಕಿದ್ದರೆ ಪುಟ್ಟ ಮಕ್ಕಳ ಪಾಲಿಗೆ ಅದು ಏಣಿ. ಕಂಬಿ ನೆಟ್ಟಗಿರಬೇಕು, ಸಂದು ಕಿರಿದಾಗಿರಬೇಕು, ಕಟಕಟೆಯ ಎತ್ತರ ಒಂದು ಮೀಟರಿಗೆ ಕಡಿಮೆ ಇರಬಾರದು.

ಇನ್ನು ಹಾಲಿನ ನಡುವಿನ ಆ ಕಂಬ. ಅಡ್ಡವಾದರೂ ಅದು ಪ್ರಾಮಾಣಿಕ ಕಂಬ. ಮೇಲಿನ ಭಾರ ಹೊತ್ತು ನಿಂತಿದೆ. ಅಂಜಬೇಕಾದದ್ದು ಕಂಬವಿರುವ ಹಾಲಿಗಲ್ಲ, ಇರಬೇಕಾದ ಗೋಡೆಯನ್ನೋ ಕಂಬವನ್ನೋ ತೆಗೆಸಿ ದೊಡ್ಡದು ಮಾಡಿದ ಹಾಲಿಗೆ. ಹಳೆಯ ಮನೆಗಳಲ್ಲಿ ಗೋಡೆಗಳೇ ಮಾಳಿಗೆಯ ಭಾರ ಹೊರುತ್ತವೆ. ಮೊದಲಿನ ನಕ್ಷೆ ಕೇಳಿ, ಈಗಿನ ಮನೆಯೊಂದಿಗೆ ಹೋಲಿಸಬೇಕು. ವ್ಯತ್ಯಾಸವಿದ್ದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆದು ತೋರಿಸುವ ಖರ್ಚು ದಂಡವಲ್ಲ. 2016ರ ಕಾಯ್ದೆಯ ಪ್ರಕಾರ, ಬಿಲ್ಡರಿಂದ ಮನೆಯನ್ನು ವಶಕ್ಕೆ ಪಡೆದ ಐದು ವರ್ಷದೊಳಗೆ ರಚನೆಯ ದೋಷ ಕಂಡು ತಿಳಿಸಿದರೆ ಬಿಲ್ಡರೇ ಉಚಿತವಾಗಿ ಸರಿಪಡಿಸಿಕೊಡಬೇಕು. ಆಮೇಲೆ ಮನೆಯ ಮಾಲೀಕರು ತಾವೇ ಒಡೆಸಿದ ಗೋಡೆಗೆ ಈ ರಕ್ಷಣೆ ಸಿಗದು.

ಮಕ್ಕಳು ಮಾಡಬಹುದಾದ ಪರೀಕ್ಷೆ

ಮನೆ ನೋಡಲು ಹೋಗುವಾಗ ದೊಡ್ಡವರು ಮಕ್ಕಳನ್ನು ಬಿಟ್ಟು ಹೋಗುವುದೇ ಹೆಚ್ಚು. ಕರೆದುಕೊಂಡು ಹೋಗುವುದು ಮೇಲು. ಒಂದು ಟೇಪು, ಒಂದು ಗೋಲಿ, ಒಂದು ಊದುಬತ್ತಿ, ಒಂದು ನೋಟ್ ಪುಸ್ತಕ ಇದ್ದರೆ ಸಾಕು.

ಮೊದಲು ಎಲ್ಲ ದೀಪಗಳನ್ನೂ ಆರಿಸಲು ಕೇಳಿ. ಮನೆ ತೋರಿಸುವವರು ಹಗಲಲ್ಲೂ ದೀಪ ಹಾಕಿಟ್ಟಿರುತ್ತಾರೆ. ದೀಪ ಆರಿದ ಮೇಲೆ ನೋಟ್ ಪುಸ್ತಕದ ಅಕ್ಷರ ಯಾವ ಕೋಣೆಯಲ್ಲಿ ಓದಲು ಬರುತ್ತದೆ ಎಂದು ಗುರುತು ಮಾಡಿಕೊಳ್ಳಿ. ಗ್ಯಾಸ್ ಇಲ್ಲದ ಕೋಣೆಗಳಲ್ಲಿ ಕಿಟಕಿ ತೆರೆದು, ಪರದೆಯಿಂದ ದೂರ ನಿಂತು, ದೊಡ್ಡವರ ಎದುರಿನಲ್ಲೇ ಊದುಬತ್ತಿ ಹಚ್ಚಿ. ಹೊಗೆ ಒಂದು ಕಡೆಗೆ ಓಡಿದರೆ ಅಲ್ಲಿ ಗಾಳಿಗೆ ದಾರಿಯಿದೆ. ಸುತ್ತಿ ಸುತ್ತಿ ಅಲ್ಲೇ ನಿಂತರೆ ಇಲ್ಲ. ಸ್ನಾನದ ಮನೆಯ ನೆಲದಲ್ಲಿ ಗೋಲಿ ಬಿಟ್ಟು ಅದು ನೀರಿನ ಕಿಂಡಿಯತ್ತ ಉರುಳುತ್ತದೆಯೇ ನೋಡಿ. ಮೆಟ್ಟಿಲುಗಳನ್ನು ಒಂದೊಂದಾಗಿ ಅಳೆಯಿರಿ. ಕೊನೆಗೆ ಕಿಟಕಿಗಳನ್ನು ಎಣಿಸಿ; ಆಕಾಶ ಕಾಣುವವು ಎಷ್ಟು, ಕಾಣದವು ಎಷ್ಟು ಎಂದು ಎರಡು ಸಾಲಾಗಿ ಬರೆದುಕೊಳ್ಳಿ. ಬೆಳಿಗ್ಗೆ ನೋಡಿದ ಮನೆಯನ್ನು ಇನ್ನೊಂದು ದಿನ ಸಂಜೆ ನಾಲ್ಕಕ್ಕೆ ಮತ್ತೊಮ್ಮೆ ನೋಡಿ.

ಬಣ್ಣ, ಪರದೆ, ಕನ್ನಡಿ, ಕಪಾಟು ಬದಲಾಯಿಸಬಹುದಾದವು. ಅವು ಎಷ್ಟೇ ವಿಚಿತ್ರವಾಗಿದ್ದರೂ ಬೆಲೆಯಲ್ಲಿ ಸ್ವಲ್ಪ ಚೌಕಾಶಿ ಮಾಡಿ ಮುಂದುವರಿಯಬಹುದು. ಆಕಾಶಕ್ಕೆ ತೆರೆಯದ ಕೋಣೆ, ಉಸಿರಿಲ್ಲದ ಸ್ನಾನದ ಮನೆ, ಭಾರ ಹೊರುವ ಗೋಡೆಯನ್ನು ಕಳೆದುಕೊಂಡ ಹಾಲು ಚೌಕಾಶಿಗೆ ಬಗ್ಗುವಂಥವಲ್ಲ. ಮನೆಗೆ ಕೊಡುವ ಹಣ ಅಪ್ಪ ಅಮ್ಮನ ಎಷ್ಟೋ ವರ್ಷದ ದುಡಿಮೆ. ಅದನ್ನು ಕೊಡುವ ಮುನ್ನ ಮಕ್ಕಳ ನೋಟ್ ಪುಸ್ತಕದ ಆ ಎರಡು ಸಾಲುಗಳನ್ನು ಒಮ್ಮೆ ಓದಿ ನೋಡುವುದು ಒಳ್ಳೆಯದು.